ಉಪ್ಪುಂದದ ಜಗಲಿಗೆ ಹೋದ ಟ್ಯಾಬ್

ಕುಂದಾಪುರದ ಹತ್ತಿರದ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಐಟಿ ವಿಭಾಗ ಎಂದರೆ ನಾನೊಬ್ಬನೇ. ಕಂಪ್ಯೂಟರ್, ಪ್ರಿಂಟರ್, ಗೇಟಿನ ಕ್ಯಾಮೆರಾ ಎಲ್ಲಕ್ಕೂ ನನ್ನದೇ ಯಜಮಾನಿಕೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀಜ ಆರಿಸುವ ಹೆಂಗಸರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಬೀಜ ಆರಿಸುವ ಹಾಲಿಗೆ ಎಐ ಆ್ಯಪ್ ಇರುವ ಟ್ಯಾಬ್‌ಗಳು ಬಂದವು. ಬೀಜದ ಮೇಲೆ ಹಿಡಿದರೆ ಬಿಳಿಯದು, ಸುಟ್ಟದ್ದು, ತುಂಡು ಎಂದು ಅದೇ ಹೇಳುತ್ತದೆ. ತಪ್ಪಿದರೆ ತಿದ್ದಬಹುದು, ತಿದ್ದಿದ್ದನ್ನು ಕಲಿಯುತ್ತದೆ. ನಿಯಮ ಬರೆದವನು ನಾನು. ಟ್ಯಾಬ್ ಗೇಟು ದಾಟಬಾರದು. ದಾಟಿದರೆ ಅದರಲ್ಲಿರುವುದನ್ನೆಲ್ಲ ಅಳಿಸುವುದು, ಒಯ್ದವರನ್ನು ಹುದ್ದೆಯಿಂದ ಇಳಿಸುವುದು.

ಒಂದು ಭಾನುವಾರ ಬೆಳಿಗ್ಗೆ ನನ್ನ ಫೋನಿಗೆ ಎಚ್ಚರಿಕೆ ಬಂತು. ಒಂದು ಟ್ಯಾಬ್ ಉಪ್ಪುಂದದಲ್ಲಿತ್ತು. ಅದು ಆ ಹಾಲಿನ ಮೇಲ್ವಿಚಾರಕಿಯದು, ಅವರ ಮನೆ ಅದೇ ಊರಲ್ಲಿ. ಇಪ್ಪತ್ತು ವರ್ಷ ನೆಲದ ಮೇಲೆ ಕೂತು ಬೀಜ ಆರಿಸಿದವರು, ಹೋದ ವರ್ಷವಷ್ಟೇ ಕುರ್ಚಿ ಏರಿದ್ದರು. ನಾನೊಂದು ವರದಿ ಬರೆದರೆ ಆ ಕುರ್ಚಿ ಹೋಯಿತು. ಟ್ಯಾಬನ್ನು ಮನೆಯಲ್ಲೇ ಕೂತು ಫೋನಿನಿಂದ ಅಳಿಸಬಹುದಿತ್ತು. ಆದರೆ ಎದುರಿಗೇ ಬೈಯದಿದ್ದರೆ ನನಗೆ ಸಮಾಧಾನವಿಲ್ಲ. ಬಸ್ಸು ಹತ್ತಿದೆ.

ಅವರು ಜಗಲಿಯ ಬಿಸಿಲಲ್ಲಿ ಕೂತಿದ್ದರು. ಮೊರದಲ್ಲಿ ಒಂದು ಹಿಡಿ ಮಾದರಿ ಬೀಜ, ಕೈಯಲ್ಲಿ ಟ್ಯಾಬ್. "ಇದ್ ಸುಟ್ಟದ್ದಲ್ಲ, ಬಿಳಿದೇ, ಸಮಾ ಕಾಣ್," ಎಂದು ಅದಕ್ಕೆ ಹೇಳುತ್ತಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರುಮಾಡಿದರು. "ಹೊಸಬ್ರನ್ನೆಲ್ಲ ಮೊದ್ಲ್ ಮನಿಗ್ ಕರ್ಕಂಬತ್ತೆ ನಾನ್. ಬೆಳಿಗ್ಗಿನ್ ಬೆಳ್ಕಂಗೆ ಬೀಜ ಕಾಂಬುಕೆ ಕಲ್ಸಿ, ಊಟ ಹಾಕಿ ಕಳ್ಸ್ತೆ. ಇದೂ ಹೊಸ್ತೇ ಅಲ್ದಾ? ಕಾರ್ಖಾನಿ ಟ್ಯೂಬ್‌ಲೈಟ್ ಬೆಳ್ಕಂಗೆ ಇದ್ಕೆ ಬಿಳಿ ಬೀಜವೂ ಹಳ್ದಿ ಕಾಂತ್ತ್. ಸುಟ್ಟದ್ದ್ ಅಂತ್ತ್. ಬೈಸ್ಕಂಬುದ್ ನಮ್ ಹೆಣ್ಮಕ್ಳ್."

ನಿಜ. ವಾರದಿಂದ ಹುಡುಗಿಯರು ದೂರುತ್ತಿದ್ದರು. ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಬಾಯಿ ಮುಚ್ಚಿಸಿದ್ದವನು ನಾನೇ.

"ನನ್ನನ್ನು ಕೇಳಬಹುದಿತ್ತಲ್ಲ?"

"ಕೇಳಿರೆ ನೀವ್ ಬ್ಯಾಡ ಅಂತಿದ್ರಿ."

ಅದೂ ನಿಜ. ಕುರ್ಚಿ ಹೋಗಬಹುದು ಎಂದೆ. ಅವರ ಕೈ ಮೊರದಲ್ಲೇ ನಿಂತಿತು.

"ಕುರ್ಚಿ ಹೋರೆ ನೆಲ ಇತ್ತಲೆ," ಎಂದರು ಆಮೇಲೆ. "ಆ ಮಕ್ಳ್ ಸುಮ್ನೆ ಬೈಸ್ಕಂಬುಕಾಗ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳ ಬಿಟ್ಟು, ಚಪ್ಪಲಿ ಕಳಚಿದೆ. ನನಗೆ ನಾಚಿಕೆಯಾಯಿತು. ಅವರು ಒಳಗೆ ಹೋಗಿ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು ತಂದಿಟ್ಟರು. "ಕೂಕಣಿ. ನೀವ್ ಬಂದ್ ನಾಕ್ ವರ್ಷ ಆಯ್ತ್. ಹೊಸಬ್ರ್ ಪೈಕಿ ನಮ್ಮನಿಯಂಗೆ ಉಣ್ದೇ ಇದ್ದದ್ ನೀವೊಬ್ರೇ."

ನಾನು ಕೆಲಸಕ್ಕೆ ಸೇರಿದ ವಾರವೇ ಅವರು ಕರೆದಿದ್ದರು. ಪುರುಸೊತ್ತಿಲ್ಲ ಎಂದಿದ್ದೆ. ಈಗ ಎರಡು ಸಲ ಬಡಿಸಿಕೊಂಡು ಉಂಡೆ.

ಸೋಮವಾರ ವರದಿ ಬರೆದೆ, ಏನನ್ನೂ ಮುಚ್ಚಿಡಲಿಲ್ಲ. ಬೀಜ ಬಲ್ಲವರನ್ನು ಒಂದು ಮಾತೂ ಕೇಳದೆ ಟ್ಯಾಬ್‌ಗಳನ್ನು ಟ್ಯೂಬ್‌ಲೈಟಿನ ಕೆಳಗೆ ಇಟ್ಟದ್ದು ನನ್ನ ತಪ್ಪು ಎಂದೂ ಸೇರಿಸಿದೆ. ಇಬ್ಬರಿಗೂ ಎಚ್ಚರಿಕೆಯ ಪತ್ರ ಬಂತು. ಕುರ್ಚಿ ಉಳಿಯಿತು. ಮೇಜುಗಳು ಮೂಡುದಿಕ್ಕಿನ ಕಿಟಕಿಯ ಹತ್ತಿರ ಹೋದವು. ನಿಯಮ ನಿಯಮವೇ, ಹಾಗಾಗಿ ಆ ಟ್ಯಾಬನ್ನು ಅಳಿಸಿದೆ. ಜಗಲಿಯಲ್ಲಿ ಕಲಿಸಿದ್ದೆಲ್ಲ ಹೋಯಿತು.

ಮರುದಿನ ಕಿಟಕಿಯ ಬಳಿ ಅವರು ಮತ್ತೆ ಮೊದಲಿನಿಂದ ಕಲಿಸಲು ಕೂತರು. ಮೊರ ಹಿಡಿದವನು ನಾನು. ಟ್ಯಾಬಿಗಿಂತ ಮೊದಲು ನನ್ನನ್ನೇ ಕೇಳಿದರು, ಇದು ಬಿಳಿಯೋ ಸುಟ್ಟದ್ದೋ ಎಂದು. ತಪ್ಪು ಹೇಳಿದೆ. ಅವರು ಬೈಯದೆ, ಬೀಜವನ್ನು ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ತೋರಿಸಿದರು.