ದೊಡ್ಡವ್ವ ನಡೆಯುವುದನ್ನು ಬಿಟ್ಟ ದಿನ

ಹುರಳಿ ಕುದಿಯುವ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ನಮ್ಮ ಕಡೆ ಅದನ್ನು ಹೆಚ್ಚಾಗಿ ಎತ್ತುಗಳಿಗೇ ಬೇಯಿಸಿ ಹಾಕುತ್ತಿದ್ದೆವು. ಮೊನ್ನೆ ಸೊಸೆ ಒಲೆಯ ಮೇಲೆ ಹುರಳಿ ಇಟ್ಟಳು, ಎತ್ತಿಗಲ್ಲ, ನನಗೆ. ಬೈಲಹೊಂಗಲದ ಡಾಕ್ಟರು ನನ್ನ ಮೊಣಕಾಲು ಒತ್ತಿ ನೋಡಿ, ಹೊಟ್ಟೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ತುಪ್ಪ ಸಿಹಿ ಬಿಡಬೇಕು, ದಿನಾ ಬೆಳಿಗ್ಗೆ ನಡೆಯಬೇಕು ಎಂದು ಹೇಳಿ ಕಳಿಸಿದ್ದರು. ಹುರಳಿ ಮಾತ್ರ ಸೊಸೆಯ ಸ್ವಂತ ಬುದ್ಧಿ. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ಬತ್ತಿ ಹೊಸೆಯುತ್ತಿದ್ದ ಕೈ ನಿಂತುಬಿಟ್ಟಿತು. ಮೂವತ್ತು ವರ್ಷಕ್ಕೂ ಹಿಂದಿನ ಒಂದು ಅಡುಗೆಮನೆ, ಅದರ ಒಲೆ, ಒಲೆಯ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತ ದೊಡ್ಡವ್ವ...

ದೊಡ್ಡವ್ವ ನಮ್ಮ ಬಳಗದವಳಲ್ಲ. ನಾನು ಮದುವೆಯಾಗಿ ನೇಸರಗಿಗೆ ಬಂದಾಗ ನಮಗೂ ಅವಳಿಗೂ ನಡುವೆ ಒಂದೇ ಗೋಡೆ. ಓಣಿಯವರೆಲ್ಲ ದೊಡ್ಡವ್ವ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಪ್ಲೇಗಿಗೆ ಅಂಜಿ ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ ಅವಳ ಗಂಡ ತೀರಿಕೊಂಡಿದ್ದನಂತೆ. ಅಲ್ಲಿಯವರೆಗೆ ತಲೆಯ ಮೇಲೆ ಬುತ್ತಿ ಹೊತ್ತು ದಿನಕ್ಕೆ ಎರಡು ಸಲ ಹೊಲಕ್ಕೆ ಹೋಗಿ ಬರುತ್ತಿದ್ದ ಹೆಂಗಸು ಆಮೇಲೆ ಹೊಸ್ತಿಲು ದಾಟಿದ್ದೇ ಕಡಿಮೆ. ಗಂಡ ಸತ್ತವಳು ಮನೆಯೊಳಗಿರಬೇಕು ಎಂದರು, ಇದ್ದಳು. ಕೂತಲ್ಲೇ ಕೂತು ಮಾಡುವುದೇನು? ಅಡುಗೆ ಮಾಡಿದಳು, ಮಗ ಸೊಸೆಗೆ ಬಡಿಸಿದಳು, ತಾನೂ ಉಂಡಳು. ಬಿಸಿ ಸಜ್ಜೆ ರೊಟ್ಟಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಇಟ್ಟು, ಅದು ಕರಗುವುದನ್ನು ನೋಡುತ್ತ ಕೂರುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ. ನಾನು ಕಾಣುವ ಹೊತ್ತಿಗೆ ವಯಸ್ಸು ಐವತ್ತೈದು ದಾಟಿತ್ತು. ಹಿತ್ತಲ ಬಾಗಿಲಲ್ಲಿ ಅಡ್ಡ ತಿರುಗಿ ಬರುತ್ತಿದ್ದಳು, ಅದನ್ನು ತಾನೇ ಆಡಿಕೊಂಡು ನಗುತ್ತಿದ್ದಳು.

ಒಂದು ದಿನ ಮಾತ್ರ ನಗಲಿಲ್ಲ. ಜಳಕಕ್ಕೆ ಕಲ್ಲಿನ ಮೇಲೆ ಕೂತವಳಿಗೆ ಏಳಲು ಆಗಲಿಲ್ಲ. ಅವಳ ಸೊಸೆ ಗೋಡೆಯಾಚೆಯಿಂದ ನನ್ನನ್ನು ಕೂಗಿದಳು. ಇಬ್ಬರೂ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆವು. ಒದ್ದೆ ಸೀರೆಯಲ್ಲಿ ನಿಂತುಕೊಂಡು, ಏದುಸಿರು ಬಿಡುತ್ತ ಅತ್ತುಬಿಟ್ಟಳು.

“ನಾ ಹಾಸಿಗಿ ಹಿಡೀಬಾರದವಾ. ಸತ್ರ ಸಾಯತೇನಿ, ಆದ್ರ ನನ್ನ ಮೈಗೆ ಇನ್ನೊಬ್ಬರು ನೀರು ಹಾಕೂದು ಬ್ಯಾಡ,” ಎಂದಳು.

ಅವಳ ಮಗ ಬಂಡಿ ಹೂಡಿಕೊಂಡು ಸಂಪಗಾಂವಕ್ಕೆ ಹೋಗಿ ಅಲ್ಲಿಯ ಹಕೀಮರನ್ನು ಕರೆತಂದ. ಬಿಳಿ ಗಡ್ಡದ ಸಣಕಲು ಮನುಷ್ಯ. ನಾಡಿ ನೋಡಿ, ಊದಿದ ಪಾದವನ್ನು ಬೆರಳಿನಿಂದ ಒತ್ತಿ, ಬಿದ್ದ ಕುಳಿಯನ್ನೇ ಬಹಳ ಹೊತ್ತು ನೋಡಿದರು.

“ಪುಡಿ ಕೊಡತೇನ್ರಿ ತಾಯಿ. ಆದ್ರ ಪುಡಿ ನಡದಾಡೂದಿಲ್ಲ, ನೀವ ನಡೀಬೇಕು,” ಎಂದರು. ಹೊತ್ತು ಹುಟ್ಟುವ ಮುಂಚೆ ಹೊರಡಬೇಕು, ಮೊದಲ ವಾರ ಓಣಿಯ ಕೊನೆಯವರೆಗೆ, ಆಮೇಲೆ ವಾರವಾರಕ್ಕೆ ಒಂದಿಷ್ಟು ದೂರ, ಕಡೆಗೆ ಹಳ್ಳದ ದಂಡೆಯವರೆಗೆ. ದಮ್ಮು ಹತ್ತಿದರೆ ನಿಲ್ಲಬೇಕು, ಕೂರಬಾರದು. ಮೂರು ರೊಟ್ಟಿ ಉಣ್ಣುವಲ್ಲಿ ಒಂದು, ಜೊತೆಗೆ ಸೊಪ್ಪು, ಹುರಳಿ ಕಟ್ಟು, ಬೆಣ್ಣೆ ತೆಗೆದ ಮಜ್ಜಿಗೆ. ದೀಪ ಹಚ್ಚಿದ ಮೇಲೆ ಬಾಯಿಗೆ ಏನೂ ಹಾಕಬಾರದು. ಹೀಗೆ ಮಾಡದಿದ್ದರೆ ಬರುವ ಸುಗ್ಗಿಯ ಹೊತ್ತಿಗೆ ಕಾಲು ಕೈಕೊಡುತ್ತದೆ ಎಂದು ಮುಲಾಜಿಲ್ಲದೆ ಹೇಳಿದರು. ಹಕೀಮರ ಬಂಡಿ ಓಣಿ ತಿರುಗಿತೋ ಇಲ್ಲವೋ, ದೊಡ್ಡವ್ವ ಸೊಸೆಯ ಕಡೆ ನೋಡಿ, “ತುಪ್ಪದ ಮಾತ ಎತ್ತಲಿಲ್ಲ ನೋಡು ಅವರು,” ಎಂದು ನಕ್ಕಳು.

ಜೊತೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅವಳ ಸೊಸೆಗೆ ಎಳೆಗೂಸು, ನನಗಿನ್ನೂ ಮಕ್ಕಳಿರಲಿಲ್ಲ. ಯುಗಾದಿ ಮುಗಿದ ಮೇಲೆ ಸುರುಮಾಡಿದೆವು. ಮೊದಲ ದಿನ ನಾಲ್ಕು ಮನೆ ದಾಟುವಷ್ಟರಲ್ಲಿ ಕಟ್ಟೆ ಹುಡುಕಿದಳು. ನಾನು ಕೂರಗೊಡಲಿಲ್ಲ. ನಿಂತಲ್ಲೇ ನನ್ನನ್ನು ಬೈದಳು, ಹಕೀಮರನ್ನು ಬೈದಳು, ಒಂದಿಷ್ಟು ಉಸಿರು ಬಂದಮೇಲೆ ಮತ್ತೆ ಹೆಜ್ಜೆ ಇಟ್ಟಳು. ಹುರಳಿ ಕಟ್ಟನ್ನು ಮೂಗು ಹಿಡಿದು ಕುಡಿದು, ನಾನೇನು ಎತ್ತೇ ಎಂದು ದಿನಾ ಕೇಳುತ್ತಿದ್ದಳು. ಕುಡಿಯುವುದನ್ನು ಮಾತ್ರ ತಪ್ಪಿಸಲಿಲ್ಲ.

ಆದರೆ ಹೊತ್ತು ಹುಟ್ಟುವ ಮುಂಚೆ ಹೊರಡುವವಳು ಅವಳೊಬ್ಬಳೇ ಅಲ್ಲವಲ್ಲ. ಆ ಹೊತ್ತಿಗೇ ಗಂಡಸರು ಹೊಲಕ್ಕೆ, ಊರಿಗೆ, ಸಂತೆಗೆ ಹೊರಡುವುದು. ಮನೆ ಬಿಟ್ಟು ಹೊರಟಾಗ ಗಂಡ ಸತ್ತವಳು ಎದುರಾದರೆ ಹೋದ ಕೆಲಸ ಆಗುವುದಿಲ್ಲ ಎಂದು ಆಗ ನಾವೆಲ್ಲ ನಂಬಿದ್ದೆವು. ಎದುರಾದವರು ಏನೂ ಅನ್ನುತ್ತಿರಲಿಲ್ಲ. ಸುಮ್ಮನೆ ಹಿಂದಿರುಗಿ ಮನೆಗೆ ಹೋಗಿ, ಕಟ್ಟೆಯ ಮೇಲೆ ಒಂದು ಗಳಿಗೆ ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ದೊಡ್ಡವ್ವ ಅದನ್ನು ಎರಡನೆಯ ದಿನವೇ ಗಮನಿಸಿದಳು. ಆಮೇಲೆ ಯಾರದಾದರೂ ಕೆರವಿನ ಸಪ್ಪಳ ಕೇಳಿದರೆ ಸಾಕು, ಗೋಡೆಯ ಕಡೆ ಮುಖ ಮಾಡಿ, ತಲೆಯ ಮೇಲೆ ಸೆರಗೆಳೆದು ನಿಲ್ಲುತ್ತಿದ್ದಳು. ಅವರು ದಾಟಿದ ಮೇಲೆ ನನ್ನ ಕಡೆ ತಿರುಗಿ, “ದಮ್ಮು ಹತ್ತಿತ್ತವಾ,” ಎನ್ನುತ್ತಿದ್ದಳು. ನಾನು ನಂಬಿದಂತೆ ಮಾಡುತ್ತಿದ್ದೆ.

ಹೀಗೆ ಎರಡು ತಿಂಗಳು ನಡೆದೆವು. ಹಳ್ಳದ ದಂಡೆ ಮುಟ್ಟಿದ ದಿನ ಅವಳು ಗುಂಡಿಯಲ್ಲಿ ಉಳಿದಿದ್ದ ನೀರಲ್ಲಿ ಕಾಲು ಇಳಿಬಿಟ್ಟು, ಗಂಡನೊಡನೆ ಹೊಲಕ್ಕೆ ಹೋಗುತ್ತಿದ್ದ ಕಾಲದ ಮಾತು ಹೇಳಿದಳು. ಏನು ಹೇಳಿದಳೋ ಈಗ ಪೂರಾ ನೆನಪಿಲ್ಲ... ಒಂದು ಹಸಿ ಕಡಲೆಯ ಗಿಡ, ಕದ್ದು ತಿಂದದ್ದು, ಏನೋ. ಮರುವಾರ ತನ್ನ ಕುಪ್ಪಸಗಳನ್ನು ತಂದು ಹೊಲಿಗೆ ಒಳಗೆ ಹಿಡಿಯಲು ಕೊಟ್ಟಳು. ಕೊಡುವಾಗ ನನ್ನೆದುರು ನೆಲದ ಮೇಲೆ ಕೂತು, ಎದ್ದು ನಿಂತು ತೋರಿಸಿದಳು.

“ನೋಡಿದೆಲ್ಲಾ? ನೆಲಕ್ಕ ಕೈ ಊರಲಿಲ್ಲ,” ಎಂದಳು.

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನದನ್ನು ಬರೆಯಲು ಮನಸ್ಸಿಲ್ಲ, ಆದರೆ ಬರೆಯದಿದ್ದರೆ ಇಷ್ಟು ಬರೆದದ್ದಕ್ಕೆ ಅರ್ಥವಿಲ್ಲ. ಮುಂಗಾರಿನ ಮಿರಗದ ಮಳೆ ಬಿತ್ತು. ಆ ವರ್ಷವೇ ಮೈದುನರು ಬೇರೆಯಾಗಿದ್ದರು, ನನ್ನ ಗಂಡ ಮೊದಲ ಸಲ ತನ್ನ ಪಾಲಿನ ಹೊಲವನ್ನು ತಾನೇ ಬಿತ್ತುವವನಿದ್ದ. ಮನೆಯಲ್ಲಿ ಬೀಜ ಬಿತ್ತುವ ಕೂರಿಗೆಗೆ ಸುಣ್ಣ ಕೆಮ್ಮಣ್ಣು ಹಚ್ಚಿ, ಪೂಜೆಗೆ ಅಣಿಮಾಡಿ ಇಟ್ಟಿದ್ದೆ. ಕೂರಿಗೆ ಬೆಳಗಾಗುತ್ತಲೇ ಮನೆ ಬಿಡಬೇಕು. ಹೊಲದ ಹಾದಿಯೂ ಹಳ್ಳದ ಹಾದಿಯೂ ಒಂದೇ. ನನಗೆ ಯಾರೂ ಹೇಳಿಕೊಡಲಿಲ್ಲ. ಅತ್ತೆಯೂ ಹೇಳಲಿಲ್ಲ, ಗಂಡನೂ ಹೇಳಲಿಲ್ಲ. ನನ್ನಷ್ಟಕ್ಕೆ ನಾನೇ ಅಂಜಿದೆ. ಹಿಂದಿನ ದಿನ ಮಧ್ಯಾಹ್ನ ಹೊಲಿದ ಕುಪ್ಪಸ ಕೊಡುವ ನೆವದಲ್ಲಿ ಹೋಗಿ, ಅವಳ ಮುಖ ನೋಡದೆ ಹೇಳಿದೆ.

“ದೊಡ್ಡವ್ವ, ನಾಳಿ ಒಂದಿನ ಹೊರಗ ಬರಬ್ಯಾಡ್ರಿ. ನಮ್ಮ ಕೂರಿಗಿ ಹೊಂಟೈತಿ.”

ಅವಳು ಕುಪ್ಪಸ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು.

“ಆತ ತಗೋ. ನನಗೂ ನಾಳಿ ಮನ್ಯಾಗ ಕೆಲಸ ಐತಿ,” ಎಂದಳು. ನಕ್ಕಳು ಕೂಡ.

ಕೂರಿಗೆ ಹೋದ ಮರುದಿನ ಎಂದಿನಂತೆ ಹೋಗಿ ಬಾಗಿಲು ತಟ್ಟಿದೆ. ಪಾದ ನೋಯುತ್ತದೆ ಎಂದಳು. ಮತ್ತೊಂದು ದಿನ ರಾಡಿ ಎಂದಳು. ನಾಲ್ಕು ದಿನ ಬಿಟ್ಟು ಹೋದೆ, ಆಮೇಲೆ ಹೋಗಲಿಲ್ಲ. ಊರವರೆಲ್ಲ ಹಿಂದಿರುಗಿ ಹೋದಾಗ ಗೋಡೆಗೆ ಮುಖ ಮಾಡಿ ನಿಂತು ತಡೆದುಕೊಂಡವಳು, ಕೈ ಹಿಡಿದು ನಡೆಸಿದವಳೇ ಹಾಗಂದಾಗ ತಡೆದುಕೊಳ್ಳಲಿಲ್ಲ. ನನಗದು ಅಂದೇ ಗೊತ್ತಾಗಿತ್ತು. ತಪ್ಪಾಯಿತು ಎಂದು ಕಾಲು ಹಿಡಿದಿದ್ದರೆ ಬರುತ್ತಿದ್ದಳೋ ಏನೋ. ನಾನು ಹಿಡಿಯಲಿಲ್ಲ. ಸುಳ್ಳೇಕೆ ಹೇಳಲಿ, ಬೆಳಗಿನ ನಿದ್ದೆ ಸಿಕ್ಕಿತೆಂದು ಒಳಗೊಳಗೇ ಹಾಯೆನಿಸಿತ್ತು.

ಪಥ್ಯವನ್ನು ಶ್ರಾವಣದವರೆಗೆ ಹಿಡಿದಳು, ಆಮೇಲೆ ಬೆಣ್ಣೆ ಮತ್ತೆ ರೊಟ್ಟಿಯ ಮೇಲೆ ಬಂತು. ದೀಪಾವಳಿಗೆ ನಾನು ಹೊಲಿದ ಕುಪ್ಪಸಗಳ ಹೊಲಿಗೆ ಬಿಚ್ಚಲು ಸೊಸೆಯ ಕೈಗೆ ಕೊಟ್ಟಿದ್ದಳು, ನನಗೆ ಕೊಡಲಿಲ್ಲ. ನಮ್ಮ ಹೊಲ ಆ ವರ್ಷ ಬೆಳೆದದ್ದು ಬಾಜೂ ಹೊಲದವರು ಬೆಳೆದಷ್ಟೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಸುಗ್ಗಿಯ ಮುಂದೆ ಹಕೀಮರು ಯಾರದೋ ಮನೆಗೆ ಬಂದವರು ಇವಳನ್ನೂ ನೋಡಲು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

“ಇಷ್ಟು ಛಲೋ ನಡದಿತ್ತಲ್ಲರಿ ತಾಯಿ, ಯಾಕ ಬಿಟ್ರಿ?” ಎಂದು ಕೇಳಿದರು.

ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ದೊಡ್ಡವ್ವ ನನ್ನ ಕಡೆ ನೋಡಲೇ ಇಲ್ಲ.

“ಮಳಿ ಹತ್ತಿತ್ರಿ. ನಂದ ಆಲಸ್ಯ,” ಎಂದಳು.

ಬೈದಿದ್ದರೆ ಚೆನ್ನಾಗಿತ್ತು.

ಆ ಬೇಸಿಗೆಯಲ್ಲಿ ಬಚ್ಚಲಲ್ಲಿ ಬಿದ್ದಳು. ಮತ್ತೆ ಏಳಲಿಲ್ಲ. ಎರಡು ವರ್ಷ ಹಾಸಿಗೆಯಲ್ಲಿದ್ದಳು. ದಿನಾ ಅವಳ ಸೊಸೆ ಮತ್ತು ನಾನು ಮಗ್ಗುಲು ಮಾಡಿ, ಬೆನ್ನು ತಿಕ್ಕಿ, ಬಿಸಿನೀರು ಹಾಕಿದೆವು. ಮೊದಲ ದಿನ ಚರಿಗೆ ಎತ್ತಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಪ್ರತಿದಿನವೂ ನಾನು ನೀರು ಹಾಕುವಾಗ ಕಣ್ಣು ಮುಚ್ಚಿಯೇ ಇರುತ್ತಿದ್ದಳು. ಒಮ್ಮೆ ಮಾತ್ರ, ಪಾದ ಒರೆಸುತ್ತಿದ್ದಾಗ, ಹಳ್ಳಕ್ಕೆ ನೀರು ಬಂದಿದೆಯೇ ಎಂದು ಕೇಳಿದಳು. ಬಂದಿದೆ ಎಂದೆ. ಆಗಲಾದರೂ ಕ್ಷಮೆ ಕೇಳಬಹುದಿತ್ತು... ಟವೆಲು ಹಿಂಡಿ ಹೊರಗೆ ಬಂದೆ.

ಈಗ ಡಾಕ್ಟರ ಮಾತಿನಂತೆ ನಾನು ನಡೆಯುತ್ತಿದ್ದೇನೆ. ನನ್ನ ಗಂಡ ತೀರಿಕೊಂಡು ಐದು ವರ್ಷವಾಯಿತು. ಮೊದಲ ದಿನ ಬೆಳಕು ಹರಿಯುವಾಗ ಹೊರಟವಳಿಗೆ ಊರ ಅಗಸೆಬಾಗಿಲ ಹತ್ತಿರ ಬೈಲಹೊಂಗಲಕ್ಕೆ ಹೊರಟಿದ್ದ ಹತ್ತಿಯ ಬಂಡಿಯೊಂದು ಎದುರಾಯಿತು. ಹಾದಿಯ ನಡುವೆಯೇ ನಿಂತುಬಿಟ್ಟೆ. ಅವನು ಹಿಂದಿರುಗಿ ಹೋಗುತ್ತಾನೆ ಎಂದುಕೊಂಡೆ, ಹೋಗಲಿ ಎಂದೂ ಅನ್ನಿಸಿತು. ಹೋಗಿದ್ದರೆ, ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದೆ ಎಂಬ ಸಮಾಧಾನವಿರುತ್ತಿತ್ತು. ಬಂಡಿ ಹೊಡೆಯುವವನು ಹಗ್ಗ ಜಗ್ಗಿ ಎತ್ತುಗಳನ್ನು ನಿಧಾನ ಮಾಡಿದ.

“ಆಯಿ, ಒಂಚೂರು ಬಾಜೂಕ ಸರೀರಿ,” ಎಂದ.

ಸರಿದೆ. ಬಂಡಿ ದಾಟಿ ಹೋಯಿತು. ಅವನು ತಿರುಗಿ ಸಹ ನೋಡಲಿಲ್ಲ. ಬಿತ್ತನೆಯ ಆ ಮುಂಜಾನೆ ನಮ್ಮ ಕೂರಿಗೆಯ ಪಕ್ಕದಲ್ಲೂ ಒಂದು ಮೊಳ ಹಾದಿ ಇತ್ತು. ಬಾಜೂಕ ಸರೀರಿ ಎಂದು ನಾನು ದೊಡ್ಡವ್ವನಿಗೆ ಹೇಳಬಹುದಿತ್ತು, ಅಷ್ಟೇ ಸಾಕಿತ್ತು.