ಪರದೆಗೆ ಬಿದ್ದ ಕತ್ತಿ

ಮೊಮ್ಮಗಳು ಮೊಬೈಲಿನಲ್ಲಿ ಕಾರ್ಟೂನು ನೋಡುತ್ತಿದ್ದಳು. ಮೊಂಡು ಮೀಸೆಯ ಜರ್ಮನಿಯ ಸರ್ವಾಧಿಕಾರಿಯ ತಲೆಗೆ ಸುತ್ತಿಗೆ ಬಿತ್ತು, ಅವನು ಹಪ್ಪಳವಾದ. ಅವಳ ನಗು ಕೇಳಿದ್ದೇ ತಡ, ನಾನು ಹುಡುಗನಾಗಿದ್ದಾಗಿನ ಹೊಸನಗರದ ಟೆಂಟ್ ಸಿನಿಮಾದ ಬೀಡಿ ಹೊಗೆ ನನ್ನ ಮೂಗಿಗೆ ಬಡಿಯಿತು.

ಆ ಟೆಂಟಿನ ಬಾಗಿಲಲ್ಲಿ ತೋಟದ ಕೆಲಸ ಮುಗಿಸಿ ಬಂದ ಗಂಡಸರು ಸೊಂಟದ ಕತ್ತಿ ಬಿಚ್ಚಿಟ್ಟೇ ಒಳಗೆ ಹೋಗಬೇಕಿತ್ತು. ನನ್ನ ದೊಡ್ಡಪ್ಪನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಮಹಾಯುದ್ಧದಲ್ಲಿ ಇಟಲಿಯವರೆಗೆ ಹೋಗಿ ಜರ್ಮನ್ನರ ವಿರುದ್ಧ ಕಾದಾಡಿ ಬಂದವನೆಂಬ ಮರ್ಯಾದೆ ಅದು.

ಒಂದು ರಾತ್ರಿ ದೊಡ್ಡಪ್ಪನ ಜೊತೆ ಹೋಗಿದ್ದಾಗ, ಪಿಕ್ಚರಿಗೆ ಮುಂಚೆ ಇಂಥದೇ ಕಾರ್ಟೂನು ಬಂತು. ಅದೇ ಮೀಸೆ. ಬಾಂಬು ಸಿಡಿದು ಅವನೂ ಅವನ ಸೈನಿಕರೂ ಚೂರುಚೂರಾದರು, ಮರುಕ್ಷಣ ಮೈ ಕೊಡವಿ ಎದ್ದರು. ನಾವು ಹೊಟ್ಟೆ ಹಿಡಿದು ನಕ್ಕೆವು.

"ಎಂತಕ್ಕೆ ನಗ್ತೀರಾ?" ದೊಡ್ಡಪ್ಪ ಎದ್ದು ಅರಚಿದ. "ನನ್ ಜೊತೆ ಬಿದ್ದೋರು ಒಬ್ರೂ ಹಿಂಗೆ ಏಳ್ಲಿಲ್ಲ ಕಣ್ರೋ!"

ತಡೆಯಲು ಬಂದ ಗೇಟಿನವನ ಮುಖಕ್ಕೆ ಗುದ್ದಿದ. ಅವನ ಮೂಗಿನಿಂದ ರಕ್ತ ಸುರಿಯಿತು. ದೊಡ್ಡಪ್ಪ ಕತ್ತಿ ಹಿರಿದು ಪರದೆಯನ್ನು ಮೇಲಿಂದ ಕೆಳಗೆ ಸೀಳಿದ, ಮತ್ತೆ ಸೀಳಿದ. ಪಿಕ್ಚರು ಬಿಡುವ ಯಂತ್ರ ಮಾತ್ರ ಓಡುತ್ತಲೇ ಇತ್ತು. ಏದುಸಿರು ಬಿಡುತ್ತ ಅವನು ನಮ್ಮತ್ತ ತಿರುಗಿದಾಗ, ಸರ್ವಾಧಿಕಾರಿಯ ಮುಖ ಅವನ ಬಿಳಿ ಅಂಗಿಯ ಮೇಲೆ ಬಿದ್ದು ಹಲ್ಲು ಕಿರಿಯುತ್ತಿತ್ತು. ದೊಡ್ಡಪ್ಪ ತಲೆ ಬಗ್ಗಿಸಿ ಅದನ್ನು ನೋಡಿದ. ಕತ್ತಿಯನ್ನು ತನ್ನ ಎದೆಗೇ ತಿರುಗಿಸಿದ. ಮುಂದೆ ಕೂತಿದ್ದವರು ಹಾರಿ ಅವನನ್ನು ಕೆಡವಿ, ಕೈ ತಿರುಚಿ ಕತ್ತಿ ಕಿತ್ತುಕೊಂಡರು.

"ಅಜ್ಜಾ ನೋಡು, ಮತ್ತೆ ಎದ್ದ!" ಮೊಮ್ಮಗಳು ಕೇಕೆ ಹಾಕಿದಳು. ಮೊಬೈಲಿನ ಬೆಳಕು ಅವಳ ಬಿಳಿ ಫ್ರಾಕಿನ ಮೇಲೆ ಕುಣಿಯುತ್ತಿತ್ತು. ನಾನು ಆ ಬೆಳಕಿಗೆ ಅಂಗೈ ಅಡ್ಡ ಹಿಡಿದೆ.