ನಡೆಯದ ಪಂದ್ಯದಲ್ಲಿ ನಾನು ಹೊಡೆಸಿದ ಗೋಲು

ಬಹ್ರೇನಿನಲ್ಲಿ ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾಗಿ ಒಂದು ವರ್ಷವಾಗಿತ್ತು. ಹೊಸದಾಗಿ ಕೈಗೆ ಬಂದಿದ್ದ ಆ ಶನಿವಾರವನ್ನು ನನ್ನ ಮ್ಯಾನೇಜರ್ ಕಿತ್ತುಕೊಂಡರು.

ಡಿಪ್ಲೊಮ್ಯಾಟಿಕ್ ಏರಿಯಾದ ನಮ್ಮ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮ್ಯಾನೇಜರ್ ವೇಲ್ಸ್‌ನವರು. ಯಾರಾದರೂ ಅವರನ್ನು ಇಂಗ್ಲಿಷರೆಂದು ಕರೆದರೆ ಮುಖ ಕೆಂಪಾಗುತ್ತಿತ್ತು. ಅವರ ಹಳ್ಳಿಯ ಹೆಸರನ್ನು ನಾನು ಎಷ್ಟು ಪ್ರಯತ್ನಿಸಿದರೂ ಹೇಳಲಾಗಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡವನಂತೆ ಸದ್ದು ಮಾಡಿದರೆ ಸುಮಾರು ಹತ್ತಿರ ಬರುತ್ತದೆ ಎಂದು ಅವರೇ ಹೇಳಿಕೊಟ್ಟಿದ್ದರು.

ಆ ಹಳ್ಳಿಗೊಂದು ಫುಟ್‌ಬಾಲ್ ತಂಡವಿತ್ತು. ಅಲ್ಲಿನ ಪ್ರಾದೇಶಿಕ ಲೀಗಿನ ಕಟ್ಟಕಡೆಯ ಡಿವಿಷನ್ನಿನಲ್ಲಿ ಆಡುತ್ತಿತ್ತು. ಪ್ರಾಯದಲ್ಲಿ ಇವರು ಅದರ ಗೋಲ್‌ಕೀಪರ್. ತಂಡದ ವೆಬ್‌ಸೈಟ್ ನಡೆಸುತ್ತಿದ್ದಾತ ಮದುವೆಯಾಗಿ ಊರು ಬಿಟ್ಟಾಗ, "ನಾನು ನೋಡಿಕೊಳ್ಳುತ್ತೇನೆ" ಎಂದು ಇವರು ಫೋನಿನಲ್ಲೇ ಒಪ್ಪಿಕೊಂಡುಬಿಟ್ಟರು. ಇ-ಮೇಲಿಗೆ ಒಂದು ಫೈಲ್ ಸೇರಿಸಲೂ ನನ್ನನ್ನು ಕರೆಯುತ್ತಿದ್ದ ಮನುಷ್ಯ!

"ಒಂದೇ ಒಂದು ಸೀಸನ್" ಎಂದರು. ನನ್ನ ವೀಸಾ ನವೀಕರಣದ ಕಾಗದಕ್ಕೆ ಸಹಿ ಹಾಕುವವರು ಅವರೇ. ಹಾಗಾಗಿ ಫುಟ್‌ಬಾಲಿನ ಮೇಲೆ ನನಗೆ ಆ ಕ್ಷಣದಲ್ಲೇ ಅಪಾರ ಪ್ರೀತಿ ಹುಟ್ಟಿತು.

ವ್ಯವಸ್ಥೆ ಹೀಗಿತ್ತು. ಪಂದ್ಯ ಮುಗಿದ ಕೂಡಲೇ ಅವರ ತಮ್ಮ ಮೈದಾನದಿಂದ ಮಾಹೂಝಿನ ಅವರ ಮನೆಗೆ ಫೋನ್ ಮಾಡುವುದು, ಅವರು ಗುಫೂಲಿನ ನನ್ನ ಫ್ಲ್ಯಾಟಿಗೆ ಮಾಡುವುದು, ನಾನು ಹತ್ತು ಸಾಲು ಬರೆದು ವೆಬ್‌ಸೈಟಿಗೆ ಹಾಕುವುದು. ನಾನು ದಾವಣಗೆರೆಯವನು. ಚೆಂಡನ್ನು ಕೈಯಲ್ಲಿ ಮುಟ್ಟಬಾರದು ಎಂಬಲ್ಲಿಗೆ ನನ್ನ ಫುಟ್‌ಬಾಲ್ ಜ್ಞಾನ ಮುಗಿಯುತ್ತಿತ್ತು. ನನ್ನನ್ನು ಕಾಪಾಡಿದ್ದು ಹೆಂಡತಿ. ಮಂಗಳೂರಿನಲ್ಲಿ ಫುಟ್‌ಬಾಲ್ ಆಡುವ ಮೂವರು ಅಣ್ಣಂದಿರ ನಡುವೆ ಬೆಳೆದವಳು. ದೋಸೆಯ ತಟ್ಟೆಯ ಮೇಲೆ ಚಟ್ನಿಯ ಬಟ್ಟಲು ಸರಿಸಿ ಸರಿಸಿ ನನಗೆ ಆಫ್‌ಸೈಡ್ ನಿಯಮ ಕಲಿಸಿದಳು. ದೋಸೆ ತಣ್ಣಗಾಯಿತೇ ಹೊರತು ಆಫ್‌ಸೈಡ್ ಪೂರ್ತಿ ಅರ್ಥವಾಗಲಿಲ್ಲ.

ತಂಡ ಪ್ರತಿ ವಾರ ನಿಷ್ಠೆಯಿಂದ ಸೋಲುತ್ತಿತ್ತು. ಸೋಲನ್ನು ಹೇಳುವ ಪದಗಳೆಲ್ಲ ಡಿಸೆಂಬರ್ ಹೊತ್ತಿಗೆ ಖಾಲಿಯಾದವು. ಎಲ್ಲ ಸೋಲಿಗೂ ಮ್ಯಾನೇಜರ್ ಹೊಣೆ ಮಾಡುತ್ತಿದ್ದದ್ದು ಗೋಲಿನ ಎಡಬದಿ ಕಾಯುವ ಲೆಫ್ಟ್ ಬ್ಯಾಕ್ ಆಟಗಾರನನ್ನು. ನಲವತ್ತು ದಾಟಿದ, ಹಾಲಿನ ಲಾರಿ ಓಡಿಸುವ ಆಸಾಮಿ. "ಮತ್ತೆ ಜಾರಿ ಬಿದ್ದ ಎಂದು ಬರೆ" ಎನ್ನುತ್ತಿದ್ದರು. ನಾನು ಬರೆಯುತ್ತಿದ್ದೆ.

ಜನವರಿಯ ಒಂದು ಶನಿವಾರ ಮ್ಯಾನೇಜರ್ ವಿಮಾನದಲ್ಲಿದ್ದರು. ತಮ್ಮನಿಗೆ ನೀನೇ ಫೋನ್ ಮಾಡು ಎಂದು ನಂಬರ್ ಕೊಟ್ಟು ಹೋಗಿದ್ದರು. ಆರು ಸಲ ಮಾಡಿದೆ. ಎತ್ತಲಿಲ್ಲ. ಅಂದು ನಮಗೆ ಸ್ನೇಹಿತರ ಮಗಳ ಹುಟ್ಟುಹಬ್ಬಕ್ಕೆ ಹೋಗಬೇಕಿತ್ತು. ಹೆಂಡತಿ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು.

"ಎಂತ, ಇನ್ನೂ ಫೋನ್ ಹಿಡ್ಕೊಂಡು ಕೂತಿದ್ದೀರಿ? ಅಲ್ಲಿ ಕೇಕ್ ಕಟ್ ಮಾಡಿ ಆಗಿರ್ತದೆ."

"ಎತ್ತುತಾ ಇಲ್ವಲ್ಲ ಆ ಮನುಷ್ಯ. ಏನಂತ ಬರೀಲಿ?"

"ನಾಲ್ಕು-ಒಂದರಲ್ಲಿ ಸೋತ್ರು ಅಂತ ಬರೀರಿ. ಅವರು ಗೆಲ್ಲುವುದುಂಟಾ?"

"ಆ ಒಂದು ಗೋಲು ಯಾರ್ದು ಅಂತ ಹಾಕ್ಲಿ?"

"ಆ ಹಾಲಿನ ಲಾರಿಯವನದ್ದು. ಪಾಪ, ವಾರ ವಾರ ಬೈಸಿಕೊಳ್ತಾನೆ."

ಬರೆದೆ. ಬರೆಯುತ್ತಾ ಹುರುಪು ಬಂತು. ಚಳಿಗಾಲದ ಹಿತವಾದ ಬಿಸಿಲಿನಲ್ಲಿ, ಮೂವತ್ತು ಗಜ ದೂರದಿಂದ ಆತ ಎಡಗಾಲಲ್ಲಿ ಬಾರಿಸಿದ ಚೆಂಡು ಕೀಪರ್ ಕಣ್ಣು ಮಿಟುಕಿಸುವುದರೊಳಗೆ ಬಲೆಯೊಳಗಿತ್ತು ಎಂದು ಹಾಕಿ, ಲ್ಯಾಪ್‌ಟಾಪ್ ಮುಚ್ಚಿ, ಹುಟ್ಟುಹಬ್ಬಕ್ಕೆ ಹೋಗಿ ಎರಡು ತುಂಡು ಕೇಕ್ ತಿಂದೆ.

ಭಾನುವಾರ ಬೆಳಿಗ್ಗೆ ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದರು. ಬಾಗಿಲು ಮುಚ್ಚು ಎಂದರು.

"ನಿನ್ನೆ ಪಂದ್ಯವೇ ನಡೆದಿಲ್ಲ. ಮೈದಾನದಲ್ಲಿ ಮೊಣಕಾಲುದ್ದ ನೀರು. ನನ್ನ ತಮ್ಮ ಮಧ್ಯಾಹ್ನದಿಂದ ಪಬ್ಬಿನಲ್ಲಿದ್ದ."

"ಸಾರಿ ಸರ್" ಎಂದೆ.

"ಬಿಸಿಲು ಎಂದು ಬರೆದಿದ್ದೀಯ! ಜನವರಿಯಲ್ಲಿ, ವೇಲ್ಸ್‌ನಲ್ಲಿ!" ಮೇಜು ಕುಟ್ಟಿದರು. ಆಮೇಲೆ ಕುರ್ಚಿಗೊರಗಿ ನಿಜಕ್ಕೂ ನೊಂದ ದನಿಯಲ್ಲಿ ಕೇಳಿದರು: "ಅಲ್ಲಯ್ಯಾ, ಸುಳ್ಳೇ ಬರೆಯುವವನು ನಮ್ಮನ್ನು ಗೆಲ್ಲಿಸಬಾರದಿತ್ತೇ?"

ವರದಿಯನ್ನು ಅಳಿಸಿದೆ. ಅಷ್ಟರಲ್ಲಿ ಎದುರಾಳಿ ತಂಡದವರು ಅದನ್ನು ಪ್ರಿಂಟ್ ಮಾಡಿ ತಮ್ಮ ಕ್ಲಬ್ಬಿನ ಗೋಡೆಗೆ ಅಂಟಿಸಿಕೊಂಡಿದ್ದರು. ಲೀಗಿನವರು ವಿವರಣೆ ಕೇಳಿ ಪತ್ರ ಬರೆದರು. ಮ್ಯಾನೇಜರ್ "ತಾಂತ್ರಿಕ ದೋಷ" ಎಂದು ಉತ್ತರಿಸಿದರು. ಆ ತಾಂತ್ರಿಕ ದೋಷ ನಾನು. ಹಾಲಿನ ಲಾರಿಯವನ ಹೆಂಡತಿ ಮಾತ್ರ ಅದರ ಇನ್ನೊಂದು ಪ್ರತಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ತೆಗೆಯುವುದಿಲ್ಲ ಎಂದು ಹಟ ಹಿಡಿದಳಂತೆ. ಗಂಡ ಗೋಲು ಹೊಡೆದು ಒಂಬತ್ತು ವರ್ಷವಾಗಿತ್ತು. ಇದನ್ನು ಕೇಳಿ ನನಗೆ ನಾಚಿಕೆಯೂ ಆಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ನನ್ನ ಹೆಂಡತಿಗೆ ಬರೀ ಹೆಮ್ಮೆಯಾಯಿತು.

ನಿಂತುಹೋಗಿದ್ದ ಆ ಪಂದ್ಯ ಏಪ್ರಿಲ್‌ನಲ್ಲಿ ನಡೆಯಿತು. ಆ ಸಲ ಮ್ಯಾನೇಜರ್ ನಮ್ಮಿಬ್ಬರನ್ನೂ ಮಾಹೂಝಿನ ತಮ್ಮ ಮನೆಗೆ ಕರೆದರು. ಅವರ ತಮ್ಮ ಮೈದಾನದ ಗೆರೆಯ ಬಳಿ ಮೊಬೈಲ್ ಹಿಡಿದು ನಿಂತಿದ್ದ, ನಾವು ಸ್ಪೀಕರಿನ ಸುತ್ತ ಕೂತಿದ್ದೆವು. ಗಾಳಿಯ ಸದ್ದು, ಬೈಗುಳ, ನಾಯಿ ಬೊಗಳಿದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಎಂಬತ್ತನೆಯ ನಿಮಿಷದವರೆಗೂ ಸೊನ್ನೆ-ಸೊನ್ನೆ. ಆಮೇಲೆ ದೊಡ್ಡ ಗದ್ದಲ.

"ಅವನು ಹೊಡೆದ! ಹಾಲಿನವನು ಹೊಡೆದ!" ತಮ್ಮ ಕಿರುಚಿದ. ನಾವು ಮೂವರೂ ಎದ್ದು ನಿಂತೆವು. ಹೆಂಡತಿ ಚಪ್ಪಾಳೆ ತಟ್ಟಿದಳು. ಎರಡು ಕ್ಷಣ ಬಿಟ್ಟು ತಮ್ಮನ ದನಿ ಇಳಿಯಿತು. "ನಮ್ಮದೇ ಗೋಲಿಗೆ."

ಒಂದು-ಸೊನ್ನೆಯಲ್ಲಿ ಸೋತರು. ಈ ಸಲ ಏನು ಬರೆಯಲಿ ಎಂದು ನಾನು ಮ್ಯಾನೇಜರರ ಮುಖ ನೋಡಿದೆ. ಅವರು ಸೀಲಿಂಗ್ ನೋಡುತ್ತಿದ್ದರು. ಹೆಂಡತಿ "ಯಾರು ಅಂತ ಬರೆಯದಿದ್ರೆ ಆಗುವುದಿಲ್ವಾ?" ಎಂದಳು. ಅಷ್ಟರಲ್ಲಿ ಫೋನನ್ನು ಬೇರೆ ಯಾರೋ ತೆಗೆದುಕೊಂಡರು. ಏದುಸಿರು ಬಿಡುತ್ತಿದ್ದ ದಪ್ಪ ದನಿ, ಹಾಲಿನ ಲಾರಿಯವನದೇ ಇರಬೇಕು.

"ಬಹ್ರೇನಿನಲ್ಲಿ ಬರೆಯುವವನು ನೀನೇನಾ?"

ಹೌದು ಎಂದೆ, ಕ್ಷಮಿಸಿ ಎಂದೂ ಸೇರಿಸಿದೆ.

"ಇದ್ದದ್ದು ಇದ್ದ ಹಾಗೆ ಬರಿ. ಆದರೆ ತಲೆಯಲ್ಲಿ ಹೊಡೆದ ಆ ಹೆಡರ್ ಬಹಳ ಜೋರಾಗಿತ್ತು ಎಂದು ಬರಿ. ಕೀಪರ್‌ಗೆ ಕಾಣಲೇ ಇಲ್ಲ."

ಹಾಗೇ ಬರೆದೆ. ತಂಡ ಆ ವರ್ಷ ಕೊನೆಯ ಸ್ಥಾನದಲ್ಲಿ ಮುಗಿಸಿತು. ಅದಕ್ಕಿಂತ ಕೆಳಗೆ ಇನ್ನೊಂದು ಡಿವಿಷನ್ ಇರಲಿಲ್ಲವಾದ್ದರಿಂದ ಇಳಿಸಲು ಜಾಗವಿಲ್ಲದೆ ಅಲ್ಲೇ ಉಳಿಯಿತು. ಮ್ಯಾನೇಜರ್ ಅದನ್ನೇ ದೊಡ್ಡ ಸಾಧನೆಯೆಂಬಂತೆ ಆಫೀಸಿಗೆಲ್ಲ ಸಮೋಸ ತರಿಸಿದರು. ಯಾವ ಖುಷಿಗೆ ಎಂದು ಅಕೌಂಟ್ಸಿನವರು ಕೇಳಿದಾಗ, "ನಾವು ಉಳಿದುಕೊಂಡೆವು" ಎಂದು ಉತ್ತರ ಕೊಟ್ಟವನು ನಾನೇ.